ನೊರ್ಬುವಿನ ಮನೆ ಬಾಗಿಲ ಬಿಳಿ ಶಲ್ಯಗಳು

ನನಗೆ ಗೊತ್ತಿತ್ತು.

ಈ ಎರಡು ಪದಗಳನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಊರಿನವರು, ನನ್ನ ಮಗಳು, ಶಾಂತಿ ಸಭೆಗೆ ಬಂದಿದ್ದ ಅಧಿಕಾರಿಗಳು — ಎಲ್ಲರೂ ನಂಬಿರುವುದು ಇದಕ್ಕೆ ವಿರುದ್ಧವಾದದ್ದನ್ನು. ‘ಪಾಪ, ಸರ್ವೆ ಗೌಡರಿಗೆ ಟಿಬೆಟನ್ನರ ಪದ್ಧತಿ ಗೊತ್ತಿರಲಿಲ್ಲ, ನೋಡಿ ತಪ್ಪು ತಿಳಿದರು, ತಿಳಿದ ಮೇಲೆ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು’ ಎಂದೇ ಈ ಸುತ್ತಮುತ್ತ ಮಾತು ನಿಂತುಬಿಟ್ಟಿದೆ. ನಿಲ್ಲಿಸಿದವನು ನಾನು. ಒಂದು ಸುಳ್ಳು ಹೇಳಿ ಜನರನ್ನು ಕೆರಳಿಸಿದೆ, ಇನ್ನೊಂದು ಸುಳ್ಳು ಹೇಳಿ ಅದೇ ಜನರಿಂದ ಹೊಗಳಿಸಿಕೊಂಡೆ. ಮೊದಲನೆಯದು ನಿಮಗೆಲ್ಲ ಗೊತ್ತು. ಎರಡನೆಯದನ್ನು ಹೇಳಲು ಕುಳಿತಿದ್ದೇನೆ.

ನಾನು ನಂಜೇಗೌಡ, ನಿವೃತ್ತ ಭೂಮಾಪಕ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ — ಈ ನಾಲ್ಕು ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಸರಪಳಿ ಎಳೆದೇ ನನ್ನ ಆಯುಷ್ಯ ಕಳೆಯಿತು. ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತ ಕಡೆ ನಾನು ಹೋಗಿ ಗಡಿಯ ಬಾಂದುಕಲ್ಲು ತೋರಿಸಿದರೆ ಮಚ್ಚು ಕೆಳಗಿಳಿಯುತ್ತಿತ್ತು. ‘ಅಳೆಯದೆ ಮಾತಾಡದವನು’ ಎಂಬ ಹೆಸರನ್ನು ನಾನು ಸಂಪಾದಿಸಿದ್ದೆ. ಆ ಹೆಸರು ಇಲ್ಲದಿದ್ದರೆ ನನ್ನ ಸುಳ್ಳು ನಮ್ಮ ಊರಿನ ಬಸ್ ನಿಲ್ದಾಣವನ್ನೂ ದಾಟುತ್ತಿರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಮರೆವು ನನ್ನ ಜಾತಕದಲ್ಲಿಲ್ಲ. ಯಾವ ಬೀಗರ ಊಟದಲ್ಲಿ ನನ್ನ ಎಲೆಗೆ ಹೋಳಿಗೆ ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು, ಯಾವ ಅಧಿಕಾರಿ ನಾನು ಕೈಮುಗಿದಾಗ ತಲೆ ಎತ್ತಲಿಲ್ಲ, ಯಾವ ಲಗ್ನಪತ್ರಿಕೆಯಲ್ಲಿ ನನ್ನ ಹೆಸರನ್ನು ನನಗಿಂತ ಕಿರಿಯನ ಹೆಸರಿನ ಕೆಳಗೆ ಹಾಕಿದ್ದರು — ಕೇಳಿದರೆ ಈಗಲೂ ಹೇಳಬಲ್ಲೆ. ಇದನ್ನು ನಾನು ಸ್ವಾಭಿಮಾನ ಎಂದು ಕರೆಯುತ್ತಿದ್ದೆ. ನನ್ನ ಹೆಂಡತಿ ಗೌರಮ್ಮ ಬೇರೆ ಹೆಸರಿನಿಂದ ಕರೆಯುತ್ತಿದ್ದಳು.

ನೊರ್ಬು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವನು. ನಮ್ಮ ಊರಿನ ಹೊಲಗಳು ಮುಗಿಯುವ ಕಡೆ ಅವರ ಹೊಲಗಳು ಶುರುವಾಗುತ್ತವೆ. ಅವನ ತಾಯಿ ಬಸುರಿಯಾಗಿದ್ದಾಗ ಹಿಮಾಲಯ ದಾಟಿ ಬಂದವರು. ಅವನು ಹುಟ್ಟಿದ್ದು ಇಲ್ಲಿ. ಮುಸುಕಿನ ಜೋಳ ಬೆಳೆಯುತ್ತಾನೆ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋಗುತ್ತಾನೆ. ಅವನ ಕನ್ನಡ ನಮ್ಮ ಊರಿನ ಕನ್ನಡವೇ. ಮುಖ ನೋಡದೆ ಕೇಳಿದರೆ ನಮ್ಮ ಕೇರಿಯವನೆನ್ನಬೇಕು.

ನಾನು ಹೊಸದಾಗಿ ಕೆಲಸಕ್ಕೆ ಸೇರಿ ಅವರ ಜಮೀನಿನ ಗಡಿ ಅಳೆಯಲು ಹೋದಾಗ ಅವನಿನ್ನೂ ಚಿಕ್ಕವನು. ಅವನ ತಾಯಿ ನನ್ನನ್ನು ಮನೆಗೆ ಕರೆದು ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟರು. ಮರ್ಯಾದೆಗೆಂದು ಕಣ್ಣುಮುಚ್ಚಿ ಕುಡಿದೆ. ಲೋಟ ಖಾಲಿಯಾದದ್ದು ಕಂಡು ಅವರು ಮತ್ತೆ ತುಂಬಿಸಿದರು. ನನ್ನ ಮುಖ ನೋಡಿ ನೊರ್ಬು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: “ಲೋಟ ಬರಿದು ಮಾಡ್ಬೇಡಿ ಅಣ್ಣ, ಮಾಡಿದಷ್ಟೂ ಉಯ್ತಾಳೆ ನಮ್ಮವ್ವ.” ಅವರನ್ನು ಎಲ್ಲರೂ ಅಮಾಲಾ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅಮ್ಮನವರು ಎಂದ ಹಾಗೆ. ನಾನೂ ಹಾಗೆಯೇ ಕರೆದೆ. ಆ ಮನೆಗೆ ಹೋಗದ ತಿಂಗಳಿರಲಿಲ್ಲ.

ಗೌರಮ್ಮ ತೀರಿಕೊಂಡಾಗ ಅಮಾಲಾ ನಡೆದೇ ಬಂದರು, ನೊರ್ಬುವಿನ ತೋಳು ಹಿಡಿದು. ಅಂಗಳದಲ್ಲಿ ಗೌರಮ್ಮನನ್ನು ಅರಿಶಿನ ಕುಂಕುಮ ಹಚ್ಚಿ ಕೂರಿಸಿದ್ದರು. ಅಮಾಲಾ ತಮ್ಮ ಮಡಿಲಿಂದ ಬಿಳಿಯ ರೇಷ್ಮೆಯಂಥ ಉದ್ದನೆಯ ಶಲ್ಯವೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ನನ್ನ ಹೆಂಡತಿಯ ಕೊರಳಿಗೆ ಹಾಕಿದರು. ಖತಾ ಎನ್ನುತ್ತಾರೆ ಅದಕ್ಕೆ. ಹೆಂಗಸರ ಗುಂಪು ಒಮ್ಮೆಲೇ ಸದ್ದು ಮಾಡಿತು. ನನ್ನ ಸೋದರತ್ತೆ ಕೆಂಪಮ್ಮ ಮುಂದೆ ಬಂದಳು.

“ಇದೇನವ್ವ ಇದು, ಮುತ್ತೈದೆ ಎಣದ ಮ್ಯಾಲೆ ಬಿಳೀ ಬಟ್ಟೆ? ತಗೀರಿ ಮೊದ್ಲು.”

“ತಗೀಬೇಡಿ ಕಣತ್ತೆ,” ಎಂದ ನೊರ್ಬು. “ನಮ್ಮಲ್ಲಿ ಕೂಸು ಉಟ್ಟಿದ್ರೂ ಇದೇಯ, ಮದ್ವೆಗೂ ಇದೇಯ, ಓಗೋರ್ಗೂ ಇದೇಯ. ದಾರಿ ಸಲೀಸಾಗ್ಲಿ ಅಂತ ಆಕದು.”

“ಅದ್ಯಾವ್ ಸೀಮೆ ದಾರಿನೋ ಕಾಣೆ.”

ಆಗ ನಾನು ಬಾಯಿ ಬಿಟ್ಟೆ — ದಯವಿಟ್ಟು ಇದನ್ನು ಗಮನಿಸಿ ಓದಿ. ನಾನು ಹೇಳಿದೆ: “ಇರಲಿ ಬುಡತ್ತೆ. ಸತ್ತವರಿಗೆ ಅವರು ಕೊಡೋ ಮರ್ಯಾದೆ ಅದು.”

ಆ ಶಲ್ಯ ಗೌರಮ್ಮನ ಜೊತೆಯಲ್ಲೇ ಮಣ್ಣಿಗೆ ಹೋಯಿತು. ಕೆಂಪಮ್ಮತ್ತೆಯೂ ಈಗಿಲ್ಲ. ಆ ಮಾತಾಡಿದವನು ನಾನು; ನನ್ನ ಮಗಳು ಒಳಗಿದ್ದಳು, ಅಂಗಳದ ಗದ್ದಲದಲ್ಲಿ ಬೇರೆಯವರಿಗೆ ಅದು ಕೇಳಿಸಲಿಲ್ಲ; ಕೇಳಿಸಿಕೊಂಡವರಲ್ಲಿ ಉಳಿದವನು ನೊರ್ಬು ಒಬ್ಬನೇ.

ಮುಂದೆ ಕ್ಯಾಂಪು ಶುರುವಾಗಿ ಐವತ್ತು ವರ್ಷ ತುಂಬಿದ ಸಮಾರಂಭ ನಡೆಯಿತು. ನೆರವಾದ ಸ್ಥಳೀಯರನ್ನು ವೇದಿಕೆಗೆ ಕರೆದು ಖತಾ ಹಾಕಿ ಗೌರವಿಸಿದರು. ಹೆಸರು ಕೂಗುತ್ತಿದ್ದವನು ನೊರ್ಬು. ನಾನು ಎರಡನೆಯ ಸಾಲಿನಲ್ಲಿ, ಹೊಸ ಪಂಚೆ ಉಟ್ಟು, ಕರೆದಾಗ ಎದ್ದು ನಿಲ್ಲುವುದಕ್ಕೆ ಅನುಕೂಲವಾಗಲೆಂದು ಕಾಲು ಸರಿಮಾಡಿಕೊಂಡು ಕುಳಿತಿದ್ದೆ. ಕೆ.ಆರ್. ನಗರದ ಸ್ವಾಮಿಗೌಡನನ್ನು ಕರೆದರು — ಕಂದಾಯ ನಿರೀಕ್ಷಕನಾಗಿ ಆ ಕಡೆ ಸ್ವಲ್ಪ ಕಾಲ ಇದ್ದವನು, ಆ ಜಮೀನಿನ ಗಡಿಯಲ್ಲಿ ಒಂದು ದಿನವೂ ನಡೆಯದವನು. ಇನ್ನೂ ಯಾರು ಯಾರನ್ನೋ ಕರೆದರು. ನನ್ನ ಹೆಸರು ಬರಲೇ ಇಲ್ಲ. ಸ್ವಾಮಿಗೌಡ ಶಲ್ಯವನ್ನು ಕುತ್ತಿಗೆಯಿಂದ ತೆಗೆಯದೆ ನನ್ನ ಪಕ್ಕದಲ್ಲೇ ಬಂದು ಕುಳಿತು, “ಏನ್ ಗೌಡ್ರೆ, ನಿಮ್ಗೆ ಆಕ್ಲಿಲ್ವ?” ಎಂದ. ನಾನು ಎದ್ದು ಹೊರಗೆ ಬಂದು ಬಸ್ಸು ಹತ್ತಿದೆ.

ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. ನೊರ್ಬು ಬಂದಾಗ ನಾನು ಒಳಗೆ ಇದ್ದುಕೊಂಡೇ ಮನೆಗೆಲಸದವರಿಂದ ಇಲ್ಲವೆನ್ನಿಸಿದೆ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಹಿಂದಿನ ರಾತ್ರಿಯಿಂದ ಗಡಿಯಲ್ಲಿ ಚೀನಾದ ಸೈನ್ಯದೊಡನೆ ಘರ್ಷಣೆಯಾದ ಸುದ್ದಿ ಬರುತ್ತಿತ್ತು. ನಮ್ಮ ಯೋಧರು ಸತ್ತಿದ್ದರು. ನಾಲ್ಕು ತಾಲ್ಲೂಕಿನ ನಿವೃತ್ತ ನೌಕರರು ಸೇರಿ ‘ಹಿರಿಯರ ಜಗಲಿ’ ಎಂಬ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೆವು. ಶುಭೋದಯ, ಮಂಡಿನೋವಿಗೆ ಕಷಾಯ, ಪಿಂಚಣಿ ಸುದ್ದಿ — ಇಷ್ಟಕ್ಕೆ ಇದ್ದ ಗುಂಪು ಅವತ್ತು ಬೆಂಕಿಯಾಗಿತ್ತು. ಅಪ್ಪಟ ಸಜ್ಜನರು, ತಮ್ಮ ಮೊಮ್ಮಕ್ಕಳಿಗೂ ಗದರದವರು, ಯಾರ ಯಾರ ತಲೆ ಕಡಿಯಬೇಕೆಂದು ಬರೆಯುತ್ತಿದ್ದರು. ಆಗ ಸ್ವಾಮಿಗೌಡ ಹಾಕಿದ:

“ನಮ್ ಸರ್ವೆ ಗೌಡ್ರು ಸುಮ್ಕಾಗ್ಬುಟ್ಟವ್ರಲ್ಲ. ಕ್ಯಾಂಪಿನ ಬೀಗ್ರಲ್ವ? ಅವ್ರ ಕಡೆ ಯಾವುದು ಅಂತ ಕೇಳಿ ಒಸಿ.”

ಅದರ ಕೆಳಗೆ ನಗುವ ಮುಖಗಳು ಒಂದರ ಮೇಲೊಂದು ಬಂದವು. ಯಾರು ಯಾರು ನಕ್ಕರೆಂದು ನೋಡಿಕೊಂಡೆ — ಅದನ್ನೂ ಮರೆತಿಲ್ಲ. ಫೋನನ್ನು ಜೇಬಿಗಿಟ್ಟು, ದಿನದಂತೆ ನಡೆಯಲು ಹೊರಟೆ. ಕಾಲು ಕ್ಯಾಂಪಿನ ಕಡೆಗೆ ತಿರುಗಿತು.

ನೊರ್ಬುವಿನ ಮನೆ ಮುಂದೆ ಜನ ಸಾಲಾಗಿ ನಿಂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಮಡಿಸಿದ ಬಿಳಿ ಶಲ್ಯ. ಬಾಗಿಲಲ್ಲಿ ನೊರ್ಬು ತಲೆ ಬಗ್ಗಿಸಿ ನಿಂತಿದ್ದ. ಒಳಗಿನಿಂದ ಒಬ್ಬ ಹೆಂಗಸಿನ ಅಳು ಕೇಳುತ್ತಿತ್ತು. ಅಮಾಲಾ ಹಾಸಿಗೆ ಹಿಡಿದದ್ದು ನನಗೆ ತಿಳಿದಿತ್ತು. ನಿಮಗೆ ಹೇಳುತ್ತೇನೆ — ಆ ಬೀದಿಯ ತಿರುವಿನಲ್ಲಿ ನಿಂತ ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು, ಹೋದರು ಎಂದು. ಎರಡು ಹೆಜ್ಜೆ ಮುಂದಿಟ್ಟೆ ಕೂಡ. ಆದರೆ ಕೈ... ಕೈ ಜೇಬಿಗೆ ಹೋಯಿತು. ಫೋನ್ ತೆಗೆದು ಬೇಲಿಯ ಮರೆಯಿಂದ ವಿಡಿಯೊ ಮಾಡಿಕೊಂಡೆ. ಸಾಲಿನ ಕೊನೆಯಲ್ಲಿದ್ದ ಎಳೆಯ ಸನ್ಯಾಸಿಯೊಬ್ಬ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತ ಒಂದು ಸಲ ನಕ್ಕ. ಅದೂ ಸಿಕ್ಕಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅಳು ಕೇಳುವ ಮೊದಲ ಭಾಗವನ್ನು ಕತ್ತರಿಸಿದೆ. ಗೊತ್ತಿಲ್ಲದವನು ಯಾಕೆ ಕತ್ತರಿಸುತ್ತಾನೆ? ಇದನ್ನು ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ಬರೆದೆ. ಸರಕಾರಿ ವರದಿಯನ್ನು ಹೇಗೆ ತಿದ್ದಿ ತಿದ್ದಿ ಬರೆಯುತ್ತಿದ್ದೆನೋ ಹಾಗೆಯೇ ಬರೆದೆ:

“ಗಡಿಯಲ್ಲಿ ನಮ್ಮ ಮಕ್ಕಳ ರಕ್ತ ಇನ್ನೂ ಒಣಗಿಲ್ಲ. ಇಲ್ಲಿ, ನಮ್ಮ ಮಣ್ಣಿನ ಅನ್ನ ಉಣ್ಣುವವರ ಮನೆಯಲ್ಲಿ ಇಂದು ಬೆಳಿಗ್ಗೆ ಸನ್ಮಾನ. ಯಾರಿಗೆ? ಯಾತಕ್ಕೆ? ನಾನು ಏನೂ ಹೇಳುವುದಿಲ್ಲ. ಕಣ್ಣಿದ್ದವರು ನೋಡಲಿ. ಕಣ್ಣಾರೆ ಕಂಡದ್ದು — ನಂಜೇಗೌಡ, ನಿವೃತ್ತ ಭೂಮಾಪಕ.”

ಈ ಸಾಲುಗಳನ್ನು ಮತ್ತೆ ಓದಿ. ಅಲ್ಲಿ ಸುಳ್ಳಾದ ಪದ ಒಂದೇ ಒಂದು — ಸನ್ಮಾನ. ಉಳಿದದ್ದೆಲ್ಲ ನಿಜ, ಇಲ್ಲವೇ ಪ್ರಶ್ನೆ. ಪ್ರಶ್ನೆಯನ್ನು ಯಾರು ಸುಳ್ಳೆನ್ನಲು ಸಾಧ್ಯ? ‘ನಾನು ಏನೂ ಹೇಳುವುದಿಲ್ಲ’ ಎಂದವನ ಮೇಲೆ ಯಾರು ಆರೋಪ ಹೊರಿಸುತ್ತಾರೆ? ಹೇಳುವ ಕೆಲಸವನ್ನು ಓದುವವರಿಗೆ ಬಿಟ್ಟೆ, ಅವರು ನನಗಿಂತ ಚೆನ್ನಾಗಿ ಮಾಡಿದರು. ನಮ್ಮಲ್ಲಿ ಶಾಲು ಹೊದಿಸುವುದೆಂದರೆ ಸನ್ಮಾನ. ಬೇರೆ ಅರ್ಥವೇ ಇಲ್ಲ. ನಮ್ಮವರ ಕಣ್ಣು ಆ ಬಿಳಿ ಶಲ್ಯವನ್ನು ಏನೆಂದು ಓದುತ್ತದೆಂದು ಚೆನ್ನಾಗಿ ಬಲ್ಲವನಾದ್ದರಿಂದಲೇ ಅದನ್ನು ತೋರಿಸಿದೆ.

ಒಬ್ಬರೂ ಕೇಳಲಿಲ್ಲ — ಯಾವ ಸೈನ್ಯಕ್ಕೆ ಹೆದರಿ ಮನೆಮಠ ಬಿಟ್ಟು ಓಡಿಬಂದರೋ ಆ ಸೈನ್ಯದ ಗೆಲುವಿಗೆ ಈ ಜನ ಯಾಕೆ ಸಂತೋಷಪಡುತ್ತಾರೆ ಎಂದು. ಹಿರಿಯರ ಜಗಲಿಯಲ್ಲಿ ಇತಿಹಾಸ ಪಾಠ ಮಾಡಿದವರೇ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಅದು ಹುಣಸೂರಿನ ಗುಂಪುಗಳಲ್ಲಿತ್ತು. ಸಂಜೆಗೆ ಎಚ್.ಡಿ. ಕೋಟೆಯಿಂದ ನನ್ನ ಷಡ್ಡಕ ನನ್ನದೇ ವಿಡಿಯೊವನ್ನು ನನಗೇ ಕಳಿಸಿ “ನೋಡಿದ್ರಾ, ನಿಮ್ ಕಡೆ ಏನಾಯ್ತಾ ಅದೆ” ಎಂದು ಕೇಳಿದ. ಮಾರನೆಯ ದಿನ ದೂರದ ನಗರದ ಒಂದು ವಾಹಿನಿಯಲ್ಲಿ ನೊರ್ಬುವಿನ ಬಾಗಿಲು ಕಾಣಿಸಿತು. ಕೋಟು ತೊಟ್ಟವರು ಸುತ್ತ ಕುಳಿತು, ದೇಶದ ದಕ್ಷಿಣದಲ್ಲಿ ಶತ್ರುವಿನ ಕಾಲಾಳುಗಳಿದ್ದಾರೆ ಎಂದು ಕೂಗಾಡಿದರು. ಸನ್ಯಾಸಿಯ ನಗುವಿನ ಸುತ್ತ ಕೆಂಪು ವೃತ್ತ ಎಳೆದು ಮತ್ತೆ ಮತ್ತೆ ತೋರಿಸಿದರು. ಆಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಏನು ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. ‘ಸ್ಥಳೀಯರೊಬ್ಬರು ಕಳಿಸಿದ ದೃಶ್ಯ’ ಎಂದರು. ನನ್ನ ಹೆಸರನ್ನು ಬಿಟ್ಟುಬಿಟ್ಟಿದ್ದರು. ನನಗೆ ಅವಮಾನವಾಯಿತು.

ಅವರಲ್ಲಿ ಸತ್ತವರನ್ನು ಒಯ್ಯುವ ದಿನವನ್ನೂ ಹೊತ್ತನ್ನೂ ಲೆಕ್ಕ ನೋಡಿ ಗೊತ್ತುಮಾಡುತ್ತಾರೆ. ಅಮಾಲಾರಿಗೆ ಒಂದು ಭಾನುವಾರದ ಬೆಳಗು ಗೊತ್ತಾಗಿತ್ತು. ಆ ಬೆಳಿಗ್ಗೆ ಸುಡುಗಾಡಿಗೆ ಹೋಗುವ ಟಾರು ರಸ್ತೆಯಲ್ಲಿ ಹುಡುಗರು ಬೈಕುಗಳನ್ನು ಅಡ್ಡ ನಿಲ್ಲಿಸಿ ಘೋಷಣೆ ಕೂಗುತ್ತಿದ್ದರು. ನಮ್ಮ ಊರಿನವರೂ ಇದ್ದರು, ಯಾವ್ಯಾವುದೋ ಊರಿನಿಂದ ಬಂದವರೂ ಇದ್ದರು. ಉಳಿದದ್ದು ಒಂದೇ ದಾರಿ — ನಮ್ಮ ಊರಿನ ಸಣ್ಣಪ್ಪನ ಜೋಳದ ಹೊಲದ ಅಂಚಿನ ಹಳೆಯ ಬಂಡಿದಾರಿ. ಅದನ್ನು ಸಣ್ಣಪ್ಪ ವರ್ಷ ವರ್ಷಕ್ಕೂ ಒಂದಿಷ್ಟು ಉತ್ತುಕೊಂಡು ಹೊಲಕ್ಕೆ ಸೇರಿಸಿಬಿಟ್ಟಿದ್ದ. ಶವ ಹೊತ್ತವರು ಅಲ್ಲಿಗೆ ಬಂದಾಗ ಅವನು ಅಡ್ಡ ನಿಂತ.

ಬಂದೋಬಸ್ತಿಗಿದ್ದ ಪೊಲೀಸ್ ಅಧಿಕಾರಿ ಒಳ್ಳೆಯ ಮನುಷ್ಯ. ಆ ಕಡೆಯ ಗಡಿ ಅಳೆದವನು ನಾನೆಂದು ಯಾರೋ ಹೇಳಿದ್ದರಿಂದ ಜೀಪು ಕಳಿಸಿ ಕರೆಸಿದರು. ಭಾನುವಾರ, ಕಚೇರಿಯಿಂದ ನಕಾಶೆ ತರಿಸುವಂತಿಲ್ಲ. ನನ್ನ ಮಾತೇ ನಕಾಶೆ.

ಜೀಪಿನಿಂದ ಇಳಿಯುತ್ತಿದ್ದಂತೆ ಹುಡುಗರು ಓಡಿಬಂದು ಸುತ್ತುವರಿದರು. “ನಮ್ ಸರ್ವೆ ಗೌಡ್ರು ಕಣ್ರಲಾ, ವಿಡಿಯೊ ಆಕಿದ್ದು ಇವ್ರೇಯ” ಎಂದು ಒಬ್ಬ ಕೂಗಿದ. ಇನ್ನೊಬ್ಬ ತನ್ನ ಕೊರಳಲ್ಲಿದ್ದ ತ್ರಿವರ್ಣದ ಶಾಲನ್ನು ತೆಗೆದು ನನಗೆ ಹೊದಿಸಿದ. ಚಪ್ಪಾಳೆ ತಟ್ಟಿದರು. ಎಷ್ಟು ವರ್ಷಗಳಿಂದ ಕಾಯುತ್ತಿದ್ದೆ ನಾನು, ಒಂದು ಶಾಲಿಗೆ...

ಹೊಲದಂಚಿನಲ್ಲಿ ಅಮಾಲಾರನ್ನು ನೆಲಕ್ಕಿಳಿಸಿದ್ದರು. ಶಲ್ಯಗಳಿಂದ ಮುಚ್ಚಿ ಏನೂ ಕಾಣುತ್ತಿರಲಿಲ್ಲ. ತೀರ ಚಿಕ್ಕದಾಗಿ ಕಂಡರು. ಸಣ್ಣಪ್ಪ ಹೇಳುತ್ತಲೇ ಇದ್ದ: “ಇಲ್ಲಿ ದಾರಿ ಎಲ್ಲದೆ ಸಾರ್? ನಮ್ ತಾತನ ಕಾಲದಿಂದ ಉತ್ಕಂಡ್ ಬಂದಿರ ಒಲ ಇದು.”

ಅಧಿಕಾರಿ ನನ್ನ ಕಡೆ ತಿರುಗಿದರು. “ಗೌಡ್ರೆ, ಇಲ್ಲಿ ದಾರಿ ಇದೆಯೋ ಇಲ್ಲವೋ, ನೀವು ಒಂದು ಮಾತು ಹೇಳಿ. ನಾನೇ ಮುಂದೆ ನಿಂತು ಕಳಿಸಿಕೊಡ್ತೀನಿ.”

ದಾರಿ ಇತ್ತು. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆಗೆರೆಯಾಗಿ ಇತ್ತು. ಆ ಗೆರೆಯನ್ನು ನೆಲದ ಮೇಲೆ ನಡೆದು ತಾಳೆ ನೋಡಿದವನು ನಾನು. ಅತ್ತಿ ಮರದ ಬುಡದಲ್ಲಿ ಬಾಂದುಕಲ್ಲು ನೆಡಿಸಿದ್ದು ಎಲ್ಲಿ ಎಂಬುದು, ಅವತ್ತು ಸಣ್ಣಪ್ಪನ ಅಪ್ಪ ನನಗೆ ಕೊಟ್ಟ ಮಜ್ಜಿಗೆಯಲ್ಲಿ ಉಪ್ಪು ಹೆಚ್ಚಾಗಿತ್ತೆಂಬುದು — ಎಲ್ಲವೂ ನೆನಪಿತ್ತು. ನೊರ್ಬು ನನ್ನನ್ನೇ ನೋಡುತ್ತಿದ್ದ. ಬೆನ್ನ ಹಿಂದೆ ಹುಡುಗರು ಉಸಿರು ಬಿಗಿಹಿಡಿದು ನಿಂತಿದ್ದರು. ಕುತ್ತಿಗೆಯಲ್ಲಿ ಆ ಶಾಲು ಬೆಚ್ಚಗಿತ್ತು.

“ಬಹಳ ಹಳೇ ಮಾತು,” ಎಂದೆ. “ನೆನಪಿಲ್ಲ.”

ಏನನ್ನೂ ಮರೆಯದ ನಾನು ಹಾಗೆಂದೆ.

ನೊರ್ಬು ಅಧಿಕಾರಿಗೆ ಹೇಳಿದ: “ಸರಿ ಬುಡಿ ಸಾರ್. ಅಣ್ಣಂಗೂ ವಯಸ್ಸಾಯ್ತು.”

ಗೊತ್ತಾದ ಹೊತ್ತು ಮೀರಿತು. ಅಮಾಲಾರನ್ನು ಮನೆಗೆ ವಾಪಸು ಒಯ್ದರು. ಮಧ್ಯಾಹ್ನ, ಬಿಸಿಲು ಕಾಯುವಾಗ, ಅವರನ್ನು ಒಂದು ಗೂಡ್ಸ್ ಆಟೋದಲ್ಲಿ ಮಲಗಿಸಿ, ಸುತ್ತ ಜೋಳದ ಮೂಟೆ ಜೋಡಿಸಿ, ಮೇಲೆ ಟಾರ್ಪಾಲು ಕಟ್ಟಿ, ಹೆದ್ದಾರಿ ಬಳಸಿಕೊಂಡು ಸಾಗಿಸಿದರು. ಮಂತ್ರ ಹೇಳುತ್ತ ಹಿಂದೆ ನಡೆಯುವವರು ಯಾರೂ ಇರಲಿಲ್ಲ. ಹಿಮಾಲಯವನ್ನು ನಡೆದು ದಾಟಿದ ಹೆಂಗಸು ತನ್ನ ಹೊಲದ ಪಕ್ಕದ ಸುಡುಗಾಡಿಗೆ ಕಾಳಿನ ಲೋಡಿನ ಹಾಗೆ ಹೋದಳು. ನನ್ನ ಮನೆ ಮುಂದೆಯೇ ಆ ಆಟೋ ಹೋದದ್ದು. ಜಗಲಿಯಲ್ಲಿ ಕುಳಿತಿದ್ದೆ. ಟಾರ್ಪಾಲಿನ ಅಂಚಿನಿಂದ ಬಿಳಿಯ ತುದಿಯೊಂದು ಹೊರಗೆ ಬಂದು ಗಾಳಿಗೆ ಅಲ್ಲಾಡುತ್ತಿತ್ತು.

ಹುಣಸೂರಿನಲ್ಲಿ ಉಪನ್ಯಾಸಕಿಯಾಗಿರುವ ನನ್ನ ಮಗಳು ಸವಿತಾ ಮುಂದಿನ ವಾರ ಬಂದಳು. ಚೀಲವನ್ನೂ ಇಳಿಸದೆ ಫೋನನ್ನು ನನ್ನ ಮುಂದೆ ಹಿಡಿದಳು. ಅದೇ ಬಾಗಿಲು, ಅದೇ ಸಾಲು, ಅದೇ ಶಲ್ಯಗಳು. ಕೆಳಗೆ ನನಗೆ ತಿಳಿಯದ ಲಿಪಿ. ಅದರ ಕೆಳಗೆ ಇಂಗ್ಲಿಷು.

“ಇದ್ಯಾರು ಹಾಕಿರೋದು ಗೊತ್ತಾಪ್ಪ?” ಎಂದಳು. “ಗಡಿ ಆಚೆ ಕಡೆಯೋರು. ಏನು ಬರ್ದಿದಾರೆ ಕೇಳು. ‘ಭಾರತದಲ್ಲಿರುವ ಟಿಬೆಟನ್ನರೇ ನಮ್ಮ ಸೈನ್ಯದ ಜಯವನ್ನು ಆಚರಿಸುತ್ತಿದ್ದಾರೆ.’ ನಿನ್ನ ವಿಡಿಯೊನೇ ಅಲ್ವ?”

ಕುರ್ಚಿಯ ಕೈ ಹಿಡಿದುಕೊಂಡೆ. ನಾನು ಶತ್ರುವಿನ ವಿರುದ್ಧ ಬರೆದದ್ದು ಒಂದಕ್ಷರ ಬದಲಾಗದೆ ಶತ್ರುವಿನ ಜಂಬವಾಗಿತ್ತು. ಈ ಕಡೆಯವರು ‘ದ್ರೋಹ ನೋಡಿ’ ಎಂದು ತೋರಿಸಿದ್ದನ್ನೇ ಆ ಕಡೆಯವರು ‘ಗೆಲುವು ನೋಡಿ’ ಎಂದು ತೋರಿಸುತ್ತಿದ್ದರು. ಇಬ್ಬರಿಗೂ ನನ್ನ ಸುಳ್ಳು ಒಪ್ಪಿಗೆಯಾಗಿತ್ತು. ಲಕ್ಷಗಟ್ಟಲೆ ಜನ — ಎಷ್ಟೋ, ನನಗೇನು ಗೊತ್ತು — ಎಂದೂ ಬೈಲಕುಪ್ಪೆಯ ಧೂಳು ತುಳಿಯದವರು, ನೊರ್ಬುವಿನ ತಾಯಿಯ ಸಾವನ್ನು ಎರಡು ದೇಶಗಳ ಜಗಳಕ್ಕೆ ಸಾಕ್ಷಿಯಾಗಿ ನೋಡುತ್ತಿದ್ದರು. ಎರಡು ಹೊಲಗಳ ನಡುವೆ ಕಲ್ಲು ಕಿತ್ತವನನ್ನು ಹಿಡಿದು ದಂಡ ಹಾಕಿಸುತ್ತಿದ್ದವನು ನಾನು.

ಸವಿತಾ ಕೇಳಿದಳು: “ಅದು ಸಾವಿನ ಮನೆ ಅಂತ ನಿಂಗೆ ಗೊತ್ತಾಗ್ಲಿಲ್ವಾಪ್ಪ?”

ಅಲ್ಲಿಯೇ ಹೇಳಬಹುದಿತ್ತು. ಮಗಳ ಮುಖ ನೋಡಿದೆ. ಆ ಮುಖದಲ್ಲಿ ಅವಳ ಅವ್ವನಿದ್ದಳು. “ಇಲ್ಲಮ್ಮ,” ಎಂದೆ. “ಅವರ ಪದ್ಧತಿ ನನಗೇನು ಗೊತ್ತು?”

ಅಲ್ಲಿಂದ ಆ ಮಾತು ಸಲೀಸಾಯಿತು. ಅಧಿಕಾರಿಗಳು ಎರಡೂ ಕಡೆಯವರನ್ನು ಕೂಡಿಸಿದ ಶಾಂತಿ ಸಭೆಯಲ್ಲಿ ಎದ್ದು ನಿಂತು ಮೈಕಿನಲ್ಲಿ ಹೇಳಿದೆ — ‘ಅರಿಯದೆ ಆದ ಪ್ರಮಾದ, ಪದ್ಧತಿ ತಿಳಿಯದೆ ತಪ್ಪಾಗಿ ಅರ್ಥೈಸಿದೆ, ಕ್ಷಮೆ ಇರಲಿ.’ ಕ್ಯಾಂಪಿನ ಹುಡುಗರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ಅವರಲ್ಲೊಬ್ಬ ಏನೋ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ನೊರ್ಬು ಎದ್ದುಬಂದು ನನ್ನ ಎರಡೂ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ: “ಬುಡಿ ಅಣ್ಣ. ಗೊತ್ತಿಲ್ದೆ ಆಗಿದ್ದು.” ಸಭೆ ಚಪ್ಪಾಳೆ ತಟ್ಟಿತು. ಹಿರಿಯರ ಜಗಲಿಯಲ್ಲಿ ಸ್ವಾಮಿಗೌಡನೇ ಬರೆದ, ‘ತಪ್ಪು ಒಪ್ಪಿಕೊಳ್ಳುವುದಕ್ಕೂ ಎದೆ ಬೇಕು’ ಎಂದು. ಅದನ್ನು ಹಲವು ಸಲ ಓದಿಕೊಂಡೆ.

ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡು ಬದುಕಿದೆ. ಸಣ್ಣಪ್ಪ ಬಂಡಿದಾರಿಗೆ ತಂತಿಬೇಲಿ ಹಾಕಿಸಿದ — ‘ಸರ್ವೆ ಗೌಡ್ರೇ ದಾರಿ ಇಲ್ಲ ಅಂದವ್ರೆ’ ಎಂದು ಕೇಳಿದವರಿಗೆಲ್ಲ ಹೇಳುತ್ತಾನಂತೆ. ಟಾರು ರಸ್ತೆಯಲ್ಲಿ ಮತ್ತೆ ಯಾರಾದರೂ ತಡೆದಾರೆಂದು ಕ್ಯಾಂಪಿನವರು ತಮ್ಮ ಸತ್ತವರನ್ನು ಈಗಲೂ ಹೆದ್ದಾರಿ ಬಳಸಿಯೇ ಒಯ್ಯುತ್ತಾರೆ. ಜಗಳ ಬೇಡವೆಂದು ಬಂಡಿದಾರಿಗಾಗಿ ಅವರಲ್ಲಿ ಯಾರೂ ಅರ್ಜಿ ಕೊಟ್ಟಿಲ್ಲ.

ಈ ಸಲ ಜೋಳ ಮುರಿದ ಮೇಲೆ, ಒಂದು ಸಂಜೆ, ನೊರ್ಬು ನನ್ನ ಮನೆಗೆ ಬಂದ. ದಾರಿಯ ವಿಷಯ ಕೇಳಲು ಬಂದನೆಂದು ನಾನು ಒಳಗೊಳಗೇ ಬಿಗಿಯಾದೆ — ಇಷ್ಟಾದ ಮೇಲೂ ನನ್ನ ಬುದ್ಧಿ ಮೊದಲು ಹೋದದ್ದು ಅಲ್ಲಿಗೇ. ಅವನು ಚೀಲದಿಂದ ಹಳದಿಗಟ್ಟಿದ ಒಂದು ಬಿಳಿ ಶಲ್ಯ ತೆಗೆದ. ಮಡಿಕೆಯ ಗೆರೆಗಳು ಗಟ್ಟಿಯಾಗಿ ಕೂತುಬಿಟ್ಟಿದ್ದವು.

“ಅವ್ವನ ಪೆಟ್ಗೆ ತಗ್ದಿದ್ದೆ ಅಣ್ಣ. ಇದು ನಿಮ್ದು.”

“ನನ್ನದೆ?”

“ಜುಬಿಲಿ ದಿನದ್ದು. ಗೌಡನ್ನ ಮ್ಯಾಲಕ್ಕೆ ಕರೀಬೇಡ ಕಣೋ ಅಂದ್ಬುಟ್ಟಿದ್ಲು ಅವ್ವ. ಅಲ್ಲಿ ಆಕದು ಆಪೀಸರ್‌ಗಳ್ಗೆ, ಹೊರಗ್ನೋರ್ಗೆ. ಗೌಡ ಮನೆಯೋನು, ನಾನೇ ಮನೇಲಿ ಆಕ್ತೀನಿ, ಊಟಕ್ಕೆ ಕರ್ಕಂಡ್ ಬಾ ಅಂದಿದ್ಲು. ನಾನು ಕೆಳಗಿಳ್ದು ನೋಡ್ತೀನಿ, ನೀವು ಬಸ್ ಅತ್ಬುಟ್ಟಿದ್ರಿ.”

“ಆಮೇಲಾದರೂ ಹೇಳಬಾರದಿತ್ತೆ, ನೊರ್ಬು?”

“ಯಾರ್ಗೆ ಏಳದು? ಬಂದಾಗೆಲ್ಲ ನೀವು ಮನ್ಲಿಲ್ಲ ಅಂತಿದ್ರು. ನಿಮ್ ಕೆಮ್ಮು ಒಳಗಿಂದ ಕೇಳ್ತಿತ್ತು.” ಅವನು ನಕ್ಕ. “ಅವ್ವಂಗೆ ಏಳಿದ್ರೆ, ಲೋಟ ಬರಿದಾದ್ರೂ ಉಯ್ಲಿಲ್ಲ ಅಂತ ಸಿಟ್ಟಿರ್ಬೇಕು ಬುಡೋ ಅನ್ನೋಳು.”

ಅವನು ಎದ್ದು, ಶಲ್ಯವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ನನ್ನ ಕೊರಳಿಗೆ ಹಾಕಿದ. ಅದರಲ್ಲಿ ನುಸಿಗುಳಿಗೆಯ ವಾಸನೆಯಿತ್ತು. ತುದಿಗಳನ್ನು ಸರಿಮಾಡುತ್ತ, ಬೇರೇನನ್ನೋ ಯೋಚಿಸುತ್ತಿರುವವನಂತೆ ಹೇಳಿದ:

“ಗೌರಕ್ಕಂಗೆ ಅವ್ವ ಆಕಿದ್ಲಲ್ಲ, ಅದೂ ಇದೂ ಜೋಡಿ ತಂದಿದ್ದು.”

ಅವನ ಕೈ ನಿಂತಿತು.

ಅವನಿಗೆ ನೆನಪಿತ್ತು! ಆ ಅಂಗಳ, ಕೆಂಪಮ್ಮತ್ತೆಯ ಮಾತು, ‘ಸತ್ತವರಿಗೆ ಅವರು ಕೊಡೋ ಮರ್ಯಾದೆ ಅದು’ ಎಂದ ನನ್ನ ಬಾಯಿ — ಎಲ್ಲವೂ. ಅಂದರೆ ಸಭೆಯಲ್ಲಿ ನಾನು ಮೈಕು ಹಿಡಿದು ‘ಗೊತ್ತಿರಲಿಲ್ಲ’ ಎಂದಾಗ ಅದು ಸುಳ್ಳೆಂದು ಆ ಸಭೆಯಲ್ಲಿ ಬಲ್ಲವನು ಅವನಿದ್ದ; ಬಲ್ಲವನೇ ಎದ್ದುಬಂದು ನನ್ನ ಕೈ ಹಿಡಿದ. ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆಂದು ತಿಳಿದಿದ್ದೆ. ಬಚ್ಚಿಟ್ಟವನು ಅವನು.

“ನೊರ್ಬು, ಅವತ್ತು ಸಭೆಯಲ್ಲಿ ನೀನು...”

“ಕ್ಯಾಂಪಿನ ಐಕ್ಳು ಕೇಳ್ಲಿ ಅಂತ ಏಳಿದ್ದು ಅಣ್ಣ. ಗೊತ್ತಿದ್ದೇ ಮಾಡವ್ರೆ ಅಂದಿದ್ರೆ ಅವು ಸುಮ್ಕಿರ್ತಿದ್ವ? ನಿಮ್ ಊರೈಕ್ಳು ಸುಮ್ಕಿರ್ತಿದ್ರ? ನಾಳಿಕ್ಕೂ ಇಲ್ಲೇ ಬಾಳ್ಬೇಕಲ್ಲ ಎಲ್ರೂವೆ.” ಚೀಲ ಮಡಿಸಿಕೊಳ್ಳುತ್ತ, “ನಮ್ಮೋರು ಕೆಲವ್ರು ಇವತ್ಗೂ ನನ್ ಕೂಡೆ ಮಾತಾಡಕಿಲ್ಲ. ಅವ್ವನ್ನ ಮಾರ್ಕಂಡೋನು ಅಂತಾರೆ. ಅನ್ಲಿ ಬುಡಿ,” ಎಂದ.

ಕಾಫಿ ಕುಡಿದು ಹೊರಟ. ದಾರಿಯ ಮಾತು ಎತ್ತಲಿಲ್ಲ.

ಅವಮಾನಗಳನ್ನು ಒಂದೊಂದಾಗಿ ಎಣಿಸಿಟ್ಟುಕೊಂಡ ನನಗೆ, ನಾನು ಮಾಡಿದ್ದನ್ನು ಇನ್ನೊಬ್ಬನು ಮೌನವಾಗಿ ಹೊತ್ತು ನಡೆದದ್ದು ಕಾಣಿಸಲೇ ಇಲ್ಲ. ಆ ಹೊರೆ ಇನ್ನು ಅವನ ಮೇಲಿರಬಾರದು. ನೊರ್ಬು ತಾಯಿಯನ್ನು ಮಾರಿಕೊಂಡವನಲ್ಲ. ಎರಡು ಊರು ಉರಿಯದಿರಲೆಂದು ಒಬ್ಬ ಸುಳ್ಳುಗಾರನಿಗೆ ಮರೆಯಾಗಿ ನಿಂತವನು. ಇದನ್ನು ಕ್ಯಾಂಪಿನ ಹುಡುಗರು ಓದಬೇಕು, ನಮ್ಮ ಊರಿನ ಹುಡುಗರೂ ಓದಬೇಕು. ಅವರ ಸಿಟ್ಟು ಬರುವುದಾದರೆ ನನ್ನ ಬಾಗಿಲಿಗೆ ಬರಲಿ. ಮನೆಯ ಗುರುತು ಎಲ್ಲರಿಗೂ ಇದೆ.

ಇದನ್ನು ನೊರ್ಬುವಿಗೆ ಓದಿ ಹೇಳಿದ್ದೇನೆ. “ಬ್ಯಾಡ ಕಣಣ್ಣ” ಎಂದ. ಸವಿತಾಳಿಗೂ ಓದಿದೆ; ಅವಳು ಎದ್ದು ಒಳಗೆ ಹೋದಳು. ಇನ್ನು ಹಿರಿಯರ ಜಗಲಿಗೆ ಹಾಕುತ್ತೇನೆ, ಅವತ್ತು ಹಾಕಿದ ಹೆಸರಿನಲ್ಲೇ. ಆ ವಿಡಿಯೊ ಹೋದಷ್ಟು ದೂರ ಇದು ಹೋಗುವುದಿಲ್ಲವೆಂದು ಬಲ್ಲೆ. ಕೆ.ಆರ್. ನಗರವನ್ನೂ ದಾಟಲಿಕ್ಕಿಲ್ಲ. ಗಡಿಯಾಚೆಯವರಿಗೆ, ಕೋಟು ತೊಟ್ಟವರಿಗೆ, ಇದರಿಂದ ಏನು ಉಪಯೋಗ?

ಆ ಬಂಡಿದಾರಿಯನ್ನು ಅಳೆದು ಬಿಡಿಸಿಕೊಡಿ ಎಂದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದೇನೆ. ಅಳತೆಗೆ ಬರುವ ದಿನ ನಾನೂ ಹೊಲದಲ್ಲಿರುತ್ತೇನೆ. ಸಣ್ಣಪ್ಪ ಎದುರು ನಿಲ್ಲುತ್ತಾನೆ, ಅವನ ಮಕ್ಕಳೂ ನಿಲ್ಲುತ್ತಾರೆ. ಕ್ಯಾಂಪಿನ ಬೀಗ ಎನ್ನುವವರು ಎನ್ನುತ್ತಾರೆ. ಅತ್ತಿ ಮರ ಈಗಿಲ್ಲ, ಅದರ ಬುಡ ಇದೆ. ಅದರ ಬಡಗಣ ಮಗ್ಗುಲಲ್ಲಿ ಅಗೆದರೆ ಕಲ್ಲು ಸಿಗುತ್ತದೆ. ಅದರ ಪಕ್ಕದಲ್ಲಿ ನಿಂತು, ಅಂದು ಕೇಳಿದ ಪ್ರಶ್ನೆಗೆ, ಅಮಾಲಾ ನೆಲದ ಮೇಲೆ ಕಾಯುತ್ತ ಮಲಗಿದ್ದ ಜಾಗದಲ್ಲಿ, ಉತ್ತರ ಹೇಳುತ್ತೇನೆ.

ದಾರಿ ಇದೆ. ನನಗೆ ನೆನಪಿತ್ತು.